ಹತ್ತು ಅವರೆಕಾಳು, ಒಂದು ಬಾಣಂತಿ ಕೋಣೆ

ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲದ ಒಂದು ಅಣುವಿನಲ್ಲಿ ಎರಡೇ ಪರಮಾಣು. ಒಂದು ಇಂಗಾಲದ್ದು, ಇನ್ನೊಂದು ಆಮ್ಲಜನಕದ್ದು. ಇಂಗಾಲ ತನ್ನ ಹೊರಸುತ್ತಿನಿಂದ ನಾಲ್ಕು ಎಲೆಕ್ಟ್ರಾನು ತರುತ್ತದೆ, ಆಮ್ಲಜನಕ ಆರು. ಒಟ್ಟು ಹತ್ತು. ಈ ಹತ್ತನ್ನು ಎರಡರ ನಡುವೆಯೂ ಸುತ್ತಲೂ ಹೇಗೆ ಇಡಬೇಕು ಎಂಬುದು ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲಕ್ಕೆ ಪರೀಕ್ಷೆಯಲ್ಲಿ ಬರಬಹುದಾಗಿದ್ದ ಒಂದು ಪ್ರಶ್ನೆ. ಅದರ ಉತ್ತರಕ್ಕಾಗಿ ನಾನು ಹೊಳೆನರಸೀಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬೆಳಗ್ಗೆ ತಲೆ ಕೆಡಿಸಿಕೊಂಡು ಕೂತಿದ್ದೆ. ನನ್ನ ಬೆನ್ನಿಗಿದ್ದ ಗೋಡೆಯ ಆಚೆ ಅಕ್ಕನೂ ಅವಳ ಏಳು ದಿನದ ಮಗುವೂ ಅದೇ ಅನಿಲವನ್ನು ಉಸಿರಾಡುತ್ತಿದ್ದರು.

ಆ ಬೆಳಗ್ಗೆಯನ್ನು ನಾನು ಮತ್ತೆ ಮತ್ತೆ ಮೊದಲಿನಿಂದ ನಡೆಸಿಕೊಂಡು ಬರುತ್ತೇನೆ. ಇಲ್ಲಿ ಎದ್ದಿದ್ದರೆ, ಅಲ್ಲಿ ಕೇಳಿದ್ದರೆ ಎಂದು ಒಂದೊಂದು ಜಾಗದಲ್ಲಿ ನಿಲ್ಲುತ್ತೇನೆ. ಬರೆದಿಟ್ಟರೆ ನಿಂತೀತು ಎಂದು ಈಗ ಬರೆಯುತ್ತಿದ್ದೇನೆ.

ಯುದ್ಧದ ಕಾಲ ಅದು. ನಾನು ಮೈಸೂರಿನ ಕಾಲೇಜಿನಲ್ಲಿದ್ದೆ. ಕ್ರಿಸ್ಮಸ್ ರಜಕ್ಕೆ ಊರಿಗೆ ಬಂದ ಮೂರನೆಯ ದಿನ ಅಕ್ಕನಿಗೆ ಹೆರಿಗೆಯಾಯಿತು. ಗಂಡು ಮಗು. ಅಕ್ಕನನ್ನು ಅರಕಲಗೂಡಿಗೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಅವಳ ಮೊದಲ ಮಗುವೂ ನಮ್ಮ ಮನೆಯಲ್ಲೇ ಹುಟ್ಟಿ, ಹದಿನೈದನೆಯ ದಿನ ಶೀತವಾಗಿ, ಎದೆ ಕಟ್ಟಿ, ತೀರಿಕೊಂಡಿತ್ತು. ಅದು ಹಿತ್ತಲ ಕಡೆಯ ಕೋಣೆಯಲ್ಲಿ. ಹೆಂಚಿನ ಸಂದಿನಿಂದ ಹೊಳೆಯ ಗಾಳಿ ನುಗ್ಗುತ್ತಿದ್ದ ಕೋಣೆ. ಮಗುವಿಗೆ ಗಾಳಿ ತಾಗಿಸಿದ್ದು ತಾನೇ ಎಂದು ಅವ್ವ ಎರಡು ವರ್ಷ ಹೇಳಿಕೊಂಡು ಅತ್ತಿದ್ದಳು. ಈ ಸಲ ಅವಳು ಪಡಸಾಲೆಯ ಪಕ್ಕದ ಕೋಣೆಯನ್ನು ಆರಿಸಿದಳು. ಅದಕ್ಕೆ ಮೇಲೆ ಹಲಗೆಯ ಅಟ್ಟವಿತ್ತು. ಇದ್ದ ಒಂದೇ ಕಿಟಕಿಯ ಸಂದಿಗೆ ಹಳೆ ಸೀರೆಯ ಚೂರುಗಳನ್ನು ತುರುಕಿ, ಅದರ ಮೇಲೆ ಗಂಜಿ ಹಚ್ಚಿ ಕಾಗದ ಮೆತ್ತಿದ್ದಳು. ಬಾಗಿಲ ಬುಡಕ್ಕೆ ಒಳಗಿನಿಂದ ಮೊಳೆ ಹೊಡೆದ ಒಂದು ಗೋಣಿಚೀಲದ ಸುರುಳಿ.

"ಒಂದ್ ಎಳೆ ಗಾಳಿ ಒಳಕ್ ಬರ್ಬಾರ್ದು" ಎನ್ನುತ್ತಿದ್ದಳು. ಬರಲಿಲ್ಲ.

ಬಾಣಂತನ ನಡೆಸಲು ಚನ್ನರಾಯಪಟ್ಟಣದಿಂದ ದೊಡ್ಡವ್ವ ಬಂದಿದ್ದಳು. ಅವ್ವನ ಅಕ್ಕ. ನಮ್ಮ ನೆಂಟರಿಷ್ಟರಲ್ಲಿ ಅವಳ ಕೈಯಲ್ಲಿ ಎರೆಸಿಕೊಳ್ಳದ ಬಾಣಂತಿ ಇರಲಿಲ್ಲ. ದಪ್ಪ ದನಿ, ಗಟ್ಟಿ ಕೈ. ಅವಳು ಮನೆಗೆ ಕಾಲಿಟ್ಟಳೆಂದರೆ ಅವ್ವ ಕೂಡ ಚಿಕ್ಕ ಹುಡುಗಿಯ ಹಾಗೆ ಹೇಳಿದ ಮಾತು ಕೇಳುತ್ತಿದ್ದಳು.

ಹೆರಿಗೆಯಾದ ಮೂರನೆಯ ದಿನ ನನ್ನನ್ನು ಅರಕಲಗೂಡಿಗೆ ಕಳಿಸಿದರು, ಭಾವನಿಗೆ ವಿಷಯ ತಿಳಿಸಲು. ಆಗ ಪೆಟ್ರೋಲು ಸಿಕ್ಕುತ್ತಿರಲಿಲ್ಲ. ಬಸ್ಸುಗಳ ಹಿಂದೆ ಕಬ್ಬಿಣದ ದೊಡ್ಡ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಿಂದ ಬಸ್ಸು ಓಡಿಸುತ್ತಿದ್ದರು. ಹೊರಡುವ ಮುಂಚೆ ಅರ್ಧ ಗಂಟೆ ತಿದಿಯ ಚಕ್ರ ತಿರುಗಿಸಬೇಕು. ದಿಣ್ಣೆ ಬಂದರೆ ಇಳಿದು ತಳ್ಳಬೇಕು. ಇದ್ದಿಲಿಗೆ ಸಾಕಷ್ಟು ಗಾಳಿ ಕೊಡದೆ ಉರಿಸಿದಾಗ ಹುಟ್ಟುವ ಅನಿಲವೇ ಕಾರ್ಬನ್ ಮಾನಾಕ್ಸೈಡ್ ಎಂದು ನಮ್ಮ ಲೆಕ್ಚರರು ಇದೇ ಬಸ್ಸನ್ನು ಉದಾಹರಣೆ ಕೊಟ್ಟು ಹೇಳಿದ್ದರು. ಬರುವಾಗ ಡ್ರೈವರನ ಪಕ್ಕದಲ್ಲಿ ಕೂತು ನಾನು ಅವನಿಗೆ ಇದನ್ನು ವಿವರಿಸಿದೆ.

"ಅಂಗಾರೆ ನಮ್ ಬಸ್ ಎಳ್ಯೋ ದೆವ್ವಕ್ಕೆ ನಿಮ್ ಕಾಲೇಜಲ್ಲಿ ಎಸ್ರೂ ಮಡಗವ್ರೆ ಅನ್ನಿ ಸಾ" ಎಂದ ಅವನು. "ನಾವು ಸುಮ್ನೆ ಬೈಕಂಡ್ ಓಡುಸ್ತಿದ್ವಿ."

ಅವನಿಗೆ ನನ್ನ ಮೇಲೆ ವಿಶ್ವಾಸ ಹುಟ್ಟಿತು. ಮನೆಯಲ್ಲಿ ಬಾಣಂತಿ ಇದ್ದಾಳೆ, ಸೌದೆಯೆಲ್ಲ ಹಸಿ, ಹೊಗೆ ಎಂದು ನಾನು ಅಂದದ್ದಕ್ಕೆ ಇಳಿಯುವಾಗ ಅರ್ಧ ಚೀಲ ಇದ್ದಿಲನ್ನು ನನ್ನ ಹೆಗಲಿಗೆ ಏರಿಸಿ, "ಮಗೀಗೆ ನಮ್ ಕಡಿಂದ" ಎಂದ. ಒಳ್ಳೆಯ ಜಾಲಿ ಇದ್ದಿಲು. ನಾನು ಅದನ್ನು ಹೊತ್ತು ತಂದು ಅವ್ವನ ಮುಂದೆ ಇಳಿಸಿದಾಗ ಅವಳಿಗೆ ಆದ ಸಂತೋಷ ನನಗೆ ಚೆನ್ನಾಗಿ ನೆನಪಿದೆ.

ಅಲ್ಲಿಯವರೆಗೆ ಬಾಣಂತಿ ಕೋಣೆಗೆ ಅಡುಗೆ ಒಲೆಯಿಂದ ಕೆಂಡ ತೆಗೆದು ಅಗ್ಗಿಷ್ಟಿಕೆಗೆ ಹಾಕುತ್ತಿದ್ದರು. ಒಲೆಯಲ್ಲಿ ಬಹುಪಾಲು ಉರಿದು ಮುಗಿದಿದ್ದ ಕೆಂಡ. ಕಾಲು ಗಂಟೆಯಲ್ಲಿ ಬೂದಿಯಾಗುತ್ತಿತ್ತು. ಚೀಲದ ಇದ್ದಿಲು ಬಂದ ಮೇಲೆ ಅಗ್ಗಿಷ್ಟಿಕೆ ತುಂಬ ಇದ್ದಿಲು ಸುರಿದು, ಮೇಲೆ ಎರಡು ಕೆಂಡ ಇಟ್ಟು, ಹಗ್ಗದ ಮಂಚದ ಕೆಳಗೆ ಸರಿಸಿ, ಬಾಗಿಲು ಹಾಕತೊಡಗಿದರು. ಅದು ಗಂಟೆಗಟ್ಟಲೆ ಒಳಗೇ ನಿಧಾನವಾಗಿ ಹತ್ತಿಕೊಳ್ಳುತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಬೆಚ್ಚಗಿದೆ. ಎಲ್ಲರೂ ಮೆಚ್ಚಿದರು.

ನಾಲ್ಕನೆಯ ದಿನದಿಂದ ಅಕ್ಕನಿಗೆ ತಲೆನೋವು. "ಬಾಣಂತಿ ತಲೆ, ನೋಯ್ದೆ ಇನ್ನೇನು" ಎಂದಳು ದೊಡ್ಡವ್ವ. ಅವ್ವನೂ ಆ ಕೋಣೆಯಿಂದ ಬಂದಾಗಲೆಲ್ಲ ಹಣೆ ಒತ್ತಿಕೊಳ್ಳುತ್ತಿದ್ದಳು. ಅದಕ್ಕೆ ನಿದ್ದೆಗೇಡು ಎಂದು ಹೆಸರಾಯಿತು. ಪುರುಡು ಕಳೆಯುವ ತನಕ, ಅಂದರೆ ಹನ್ನೊಂದನೆಯ ದಿನದವರೆಗೆ, ಗಂಡಸರು ಆ ಕೋಣೆಯೊಳಗೆ ಹೋಗುವಂತಿಲ್ಲ. ಅಪ್ಪ ಹೇಗೂ ಕೊಬ್ಬರಿ ವ್ಯಾಪಾರಕ್ಕೆ ಚನ್ನರಾಯಪಟ್ಟಣದಲ್ಲಿದ್ದ. ನಾನು ಹೊಸ್ತಿಲಾಚೆಯಿಂದ ಮಗುವಿನ ಅಳು ಕೇಳುತ್ತಿದ್ದೆ, ಅಷ್ಟೆ.

ಏಳನೆಯ ದಿನ ಬೆಳಗ್ಗೆ ಎಣ್ಣೆನೀರು. ದೊಡ್ಡವ್ವ ಬಚ್ಚಲಲ್ಲಿ ಅಕ್ಕನಿಗೆ ಹಂಡೆ ಬರಿದಾಗುವಷ್ಟು ಬಿಸಿನೀರು ಹುಯ್ದಳು. ಕಾಲು ನೀಡಿ ಕೂತು ಮೊಳಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆದಳು. ಇಬ್ಬರಿಗೂ ಸಾಂಬ್ರಾಣಿ ಹಿಡಿದು, ಕೋಣೆಯಲ್ಲಿ ಮಲಗಿಸಿ, ಮೈ ಬೆವರಲೆಂದು ಅಕ್ಕನ ಮೇಲೆ ಎರಡು ಕಂಬಳಿ ಹೊದಿಸಿ, ಅಗ್ಗಿಷ್ಟಿಕೆ ತುಂಬಿ, ಬಾಗಿಲೆಳೆದು ಬಂದಳು. ಆಗ ಸುಮಾರು ಒಂಬತ್ತು ಗಂಟೆ.

ಪಡಸಾಲೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ನಾನು ನೋಟ್ ಪುಸ್ತಕ ತೆರೆದಿದ್ದೆ. ಚುಕ್ಕಿ ಚಿತ್ರಗಳ ಪುಟ. ಪರಮಾಣುವಿಗೆ ಒಂದು ಅಕ್ಷರ, ಎಲೆಕ್ಟ್ರಾನಿಗೆ ಒಂದು ಚುಕ್ಕಿ. ನಿಯಮ ಸರಳ: ಪ್ರತಿಯೊಂದು ಪರಮಾಣುವಿನ ಸುತ್ತ ಎಂಟು ಚುಕ್ಕಿ ಬರಬೇಕು. ಎರಡು ಪರಮಾಣುಗಳ ನಡುವೆ ಇಟ್ಟ ಜೋಡಿ ಎರಡು ಮನೆಯ ನಡುವಿನ ಬಾವಿಯ ಹಾಗೆ, ಇಬ್ಬರೂ ನಮ್ಮದು ಎಂದು ಲೆಕ್ಕ ಹಿಡಿಯಬಹುದು. ನೀರಿಗೆ, ಅಮೋನಿಯಕ್ಕೆ, ಇಂಗಾಲಾಮ್ಲಕ್ಕೆ ಇದು ಸಲೀಸಾಗಿ ಬರುತ್ತಿತ್ತು. ಕಾರ್ಬನ್ ಮಾನಾಕ್ಸೈಡಿಗೆ ಬರುತ್ತಿರಲಿಲ್ಲ. ಕಾಗದದ ಮೇಲೆ ಬರೆದು ಅಳಿಸಿ ಬರೆದು ಕಾಗದವೇ ತೂತಾಯಿತು. ನಾನು ಸೀಮೆಸುಣ್ಣದಲ್ಲಿ ಗಾರೆನೆಲದ ಮೇಲೆ ಎರಡು ಅಕ್ಷರ ಬರೆದು, ಅವ್ವನ ಮೊರದಿಂದ ಹತ್ತು ಅವರೆಕಾಳು ತೆಗೆದುಕೊಂಡೆ.

ದೊಡ್ಡವ್ವ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

"ಏನ್ಲಾ ಇದು, ಒಬ್ನೇ ಚೌಕಾಬಾರ ಆಡ್ತಾ ಕುಂತಿದ್ದೀಯ?"

"ಓದ್ತಿದ್ದೀನಿ ದೊಡ್ಡವ್ವ."

"ಮೈಸೂರ್ಗಂಟ ಓಗಿ ಓದೋದು ಇದ್ನೇಯಾ? ನಮ್ಮೂರ ದನ ಕಾಯೋರು ಕಲ್ಲಲ್ಲಿ ಆಡ್ತವೆ, ನೀನು ಕಾಳಲ್ಲಿ ಆಡ್ತಿದ್ದೀಯ."

"ಹತ್ತು ಕಾಳು ತಗಂಡ, ಎಣಿಸಿದ್ದೀನಿ" ಎಂದಳು ಅವ್ವ ತಲೆಯೆತ್ತದೆ. "ವಾಪಸ್ ಮೊರಕ್ಕೆ ಬರ್ಬೇಕು."

ನಡುವೆ ನಾಲ್ಕು ಕಾಳು, ಅಂದರೆ ಎರಡು ಜೋಡಿ, ಇಟ್ಟು ನೋಡಿದೆ. ಆಮ್ಲಜನಕದ ಆಚೆ ಎರಡು ಜೋಡಿ, ಇಂಗಾಲದ ಆಚೆ ಒಂದು ಜೋಡಿ. ಆಮ್ಲಜನಕಕ್ಕೆ ಎಂಟಾಯಿತು, ಇಂಗಾಲಕ್ಕೆ ಆರೇ. ಸರಿ, ಆಮ್ಲಜನಕದ ಕಡೆಯಿಂದ ಒಂದು ಜೋಡಿ ನಡುವೆ ತಂದೆ. ಈಗ ನಡುವೆ ಮೂರು ಜೋಡಿ, ಆಚೆ ಈಚೆ ಒಂದೊಂದು. ಇಬ್ಬರಿಗೂ ಎಂಟು. ಆದರೆ ಈ ಚಿತ್ರದಲ್ಲಿ ಆಮ್ಲಜನಕ ತನ್ನದನ್ನು ಇಂಗಾಲಕ್ಕೆ ಬಿಟ್ಟುಕೊಟ್ಟ ಹಾಗಾಗುತ್ತದೆ. ಅದರ ಗುಣವೇ ಎಳೆದುಕೊಳ್ಳುವುದು, ಕೊಡುವುದಲ್ಲ. ಒಂದರಲ್ಲಿ ಲೆಕ್ಕ ತಪ್ಪು, ಇನ್ನೊಂದರಲ್ಲಿ ಸ್ವಭಾವ ತಪ್ಪು. ಯಾವುದು ಸರಿ?

ಎರಡೂ ಸರಿಯಲ್ಲ, ಎರಡನ್ನೂ ಬಿಡಲಾಗುವುದಿಲ್ಲ ಎಂದಿದ್ದರು ಲೆಕ್ಚರರು. ಇದಕ್ಕೆ ರೆಸೊನೆನ್ಸ್ ಎಂದು ಹೆಸರು. ಅನುರಣನ ಎಂದು ಈಗ ಕನ್ನಡ ಪುಸ್ತಕಗಳಲ್ಲಿ ನೋಡಿದ್ದೇನೆ. ಅಣು ಒಂದು ಕ್ಷಣ ಈ ಚಿತ್ರದಂತೆ, ಮರುಕ್ಷಣ ಆ ಚಿತ್ರದಂತೆ ಓಡಾಡುತ್ತಿರುತ್ತದೆ ಎಂದು ತಿಳಿಯಬೇಡಿ, ಅದು ಯಾವಾಗಲೂ ಒಂದೇ ಥರ ಇರುತ್ತದೆ, ಓಡಾಡುವುದು ನಮ್ಮ ಪೆನ್ಸಿಲು ಮಾತ್ರ ಎಂದು ಅವರು ಅಂದಾಗ ಕ್ಲಾಸಿನಲ್ಲಿ ಎಲ್ಲರೂ ತಲೆಯಾಡಿಸಿದ್ದೆವು. ನನಗೆ ಅರ್ಥವಾಗಿರಲಿಲ್ಲ. ಓಡಾಡದೆ ಎರಡೂ ಆಗಿರುವುದು ಹೇಗೆ?

ಅಷ್ಟರಲ್ಲಿ ಅವ್ವನಿಗೂ ದೊಡ್ಡವ್ವನಿಗೂ ಮಗುವಿನ ಮೂಗಿನ ಮೇಲೆ ಮಾತು ಹತ್ತಿತ್ತು.

"ಅರಕಲಗೂಡೋರ ಮೂಗು ಕಣಮ್ಮಿ ಅದು. ಅವರಪ್ಪಂದೇ."

"ಮೂಗು ಅವರ್ದು ಅಂತ್ಲೇ ಮಡಿಕ್ಕೊ. ಗದ್ದ ನಮ್ದು."

"ಗದ್ದ ಒಂದೇ ಸಾಕೇನು? ಅಳೋದು ಅವರಪ್ಪನ್ ಥರ, ಬಾಯಿ ಒಂದ್ ಕಡೆ ಸೊಟ್ಟ ಮಾಡ್ಕಂಡು."

"ನೆನ್ನೆ ನಮ್ ಮಗಳ ಥರ ಅಳ್ತಾನೆ ಅಂದೆ."

"ನೆನ್ನೆ ಅಂಗ್ ಕಾಣ್ತು. ಇವತ್ತು ಇಂಗ್ ಕಾಣ್ತೈತೆ."

ಕಾಳು ಹಿಡಿದಿದ್ದ ನನ್ನ ಕೈ ನಿಂತಿತು. ಮಗು ನಿನ್ನೆ ತಾಯಿಯಾಗಿ ಇವತ್ತು ತಂದೆಯಾಗಿ ಬದಲಾಗಿರಲಿಲ್ಲ. ಅದು ತನ್ನ ಪಾಡಿಗೆ ಒಂದೇ ಮುಖ ಇಟ್ಟುಕೊಂಡು ಮಲಗಿತ್ತು. ಆ ಮುಖ ಇವರಿಬ್ಬರಿಗೂ ಹೊಸದು, ಹೊಸದನ್ನು ಹೇಳಲು ಇವರ ಬಳಿ ಇದ್ದದ್ದು ಗೊತ್ತಿದ್ದ ಎರಡು ಮುಖಗಳು ಮಾತ್ರ. ಚಿತ್ರ ಎರಡು, ಮಗು ಒಂದು. ತಿಂಗಳುಗಟ್ಟಲೆ ಬಗೆಹರಿಯದಿದ್ದದ್ದು ಒಂದೇ ಉಸಿರಿಗೆ ತಿಳಿದುಹೋಯಿತು. ಆ ಸಂತೋಷ ಎಂಥದೆಂದು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ. ಓಜೋನಿಗೆ ಇದನ್ನೇ ಹಚ್ಚಿ ನೋಡಿದೆ, ಬಂತು. ಕಾರ್ಬೊನೇಟಿಗೆ ಮೂರು ಚಿತ್ರ, ಅದೂ ಬಂತು. ಅವ್ವನ ಮೊರದಿಂದ ಇನ್ನೂ ಹದಿನಾಲ್ಕು ಕಾಳು ಎಳೆದುಕೊಂಡೆ. ಅವಳು ಕೈಗೆ ಒಂದೇಟು ಕೊಟ್ಟಳು. ನನ್ನ ನೋಟ್ ಪುಸ್ತಕದ ಅದೇ ಪುಟದ ತಲೆಯಲ್ಲಿ, ನನ್ನದೇ ಅಕ್ಷರದಲ್ಲಿ, ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಬಿಡುವುದಿಲ್ಲ ಎಂದು ಬರೆದಿತ್ತು. ಅದನ್ನು ನಾನು ಅಂದು ಬೆಳಗ್ಗೆ ಎರಡು ಸಲ ಓದಿದ್ದೆ. ಗುಣಗಳ ಬಗ್ಗೆ ಪ್ರಶ್ನೆ ಬರುವುದಿಲ್ಲ, ರಚನೆ ಮಾತ್ರ ಮುಖ್ಯ ಎಂದು ದಾಟಿಹೋಗಿದ್ದೆ.

ಹತ್ತು ಗಂಟೆಯ ಮೇಲೆ ದೊಡ್ಡವ್ವ ಕೋಣೆಯೊಳಗೆ ಹೋಗಿ ಬಂದಳು.

"ನೋಡಮ್ಮಿ, ಮಗ ಎಂಗ್ ಕೆಂಪ್ಗೆ ಆಗವ್ನೆ ಅಂತ. ಕೆನ್ನೆ ದಾಸವಾಳ ಇದ್ದಂಗೈತೆ. ಇವಳ್ನ ಮಾತಾಡ್ಸುದ್ರೆ ಊ ಅಂತಾಳೆ, ಕಣ್ ಬುಡಾಕಿಲ್ಲ. ಯಾರ್ದೋ ದಿಷ್ಟಿ. ನೆನ್ನೆ ಆ ಎದುರು ಮನೆಯೋಳು ಬಾಗ್ಲಲ್ ನಿಂತ್ಕಂಡ್ ನೋಡುದ್ಲಲ್ಲ."

ಅವ್ವ ಕಾಳು ಬಿಟ್ಟು ಎದ್ದಳು. ಉಪ್ಪು, ಸಾಸಿವೆ, ಐದು ಒಣಮೆಣಸಿನಕಾಯಿ ತಂದುಕೊಟ್ಟಳು. ದೊಡ್ಡವ್ವ ಒಳಗೆ ಹೋಗಿ ನೀವಾಳಿಸಿ ಅಗ್ಗಿಷ್ಟಿಕೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಆಗಿಲ್ಲವೆಂದು ಅರ್ಥ. ಘಾಟೇ ಬರದಿದ್ದರೆ ದೊಡ್ಡ ದೃಷ್ಟಿ. ನಾನು ಬಾಗಿಲ ಕಡೆ ಕಿವಿಯಿಟ್ಟಿದ್ದೆ, ಯಾರೂ ಕೆಮ್ಮಲಿಲ್ಲ. ಒಳಗೆ ಗಾಳಿಯೇ ಸಾಲದೆ ಕೆಂಡ ಮಂಕಾಗಿತ್ತು. ಮೆಣಸಿನಕಾಯಿ ಉರಿಯುವುದಾದರೂ ಹೇಗೆ? ಈ ಮಾತು ನನಗೆ ಹೊಳೆದದ್ದು ಆಮೇಲೆ, ಎಷ್ಟೋ ಆಮೇಲೆ.

ದೊಡ್ಡವ್ವ ಬಾಗಿಲುವಾಡ ಹಿಡಿದುಕೊಂಡು ಹೊರಗೆ ಬಂದಳು.

"ಒಂಚೂರೂ ಘಾಟಿಲ್ಲ ಕಣಮ್ಮಿ. ಭಾರಿ ದಿಷ್ಟಿ. ಕೆಂಡ ಆರೋಗದೆ, ಒಲೆಯಿಂದ ಇನ್ನೊಂದ್ ಸೌಟು ತಗಂಡ್ ಬಾ. ಇನ್ನೊಂದಿಷ್ಟು ಇದ್ಲೂ ಸುರಿ."

ಅಷ್ಟು ಹೇಳಿ ಅವಳು ಗೋಡೆಗೆ ಒರಗಿ ಹಾಗೇ ಜಾರಿ ಕೂತಳು. ಕೂತದ್ದು ನನ್ನ ಚುಕ್ಕಿ ಚಿತ್ರದ ಮೇಲೆ. ಕಾಳುಗಳು ಅವಳ ಸೀರೆಯ ಕೆಳಗೆ ಚೆದುರಿದವು. ಜೀವಮಾನದಲ್ಲಿ ತಲೆ ಸುತ್ತಿದೆ ಎಂದವಳಲ್ಲ ಅವಳು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ವಾಂತಿ ಬಂದಂಗಾಯ್ತದೆ" ಎಂದಳು. ಅವ್ವ ಕೂಡಲೇ, "ನಂಗೂ ಬೆಳಿಗ್ಗೆ ಅಂಗೇ ಆಯ್ತು, ಒಳೀಕ್ ಓಗ್ ಬಂದಾಗ" ಎಂದು ಸೌಟು ಹಿಡಿದು ಒಲೆಯ ಕಡೆ ಹೋದಳು.

ಅಕ್ಕನ ತಲೆನೋವಿಗೆ ಬಾಣಂತನದ ಹೆಸರಿತ್ತು. ಅವ್ವನದಕ್ಕೆ ನಿದ್ದೆಗೇಡಿನ ಹೆಸರು. ದೊಡ್ಡವ್ವನದಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿರಲಿಲ್ಲ. ಮೂರು ತಲೆನೋವು, ಒಂದು ಕೋಣೆ. ನಾನು ನೋಟ್ ಪುಸ್ತಕದ ಪುಟದ ತಲೆಯನ್ನು ನೋಡಿದೆ. ನೋಡುವ ಅಗತ್ಯವಿರಲಿಲ್ಲ.

ಎದ್ದು ಬಾಗಿಲಿಗೆ ಹೋದೆ. ಅಲ್ಲಿ ನಿಂತೆ. ಇದನ್ನು ಬರೆಯದೆ ಇರಲಾರೆ: ಹೊಸ್ತಿಲ ಮುಂದೆ ನಾನು ನಿಂತೆ. ಹುಟ್ಟಿದಾರಭ್ಯ ಕೇಳಿದ ಮಾತು ಕಾಲಲ್ಲಿರುತ್ತದೆ. ಹೆಚ್ಚೆಂದರೆ ಎರಡು ಉಸಿರಿನಷ್ಟು ಹೊತ್ತು ಇರಬಹುದು.

"ಲೇ, ಒಳಕ್ ಓಗ್ಬ್ಯಾಡ, ಪುರುಡು ಕಳ್ದಿಲ್ಲ" ಎಂದಳು ಅವ್ವ ಒಲೆಯ ಬಳಿಯಿಂದ, ಕೈಯಲ್ಲಿ ಕೆಂಡದ ಸೌಟು. ಅವಳ ದನಿ ಕೇಳಿದ್ದೇ ಕಾಲು ಬಿಡಿಸಿಕೊಂಡಂತಾಗಿ ಒಳಗೆ ನುಗ್ಗಿದೆ.

ಒಳಗೆ ಕತ್ತಲೆ, ಬೆಚ್ಚಗೆ, ಸಾಂಬ್ರಾಣಿಯ ಒಳ್ಳೆಯ ವಾಸನೆ. ಅಪಾಯದ ಗುರುತು ಒಂದೂ ಇರಲಿಲ್ಲ. ಅದೇ ನನ್ನನ್ನು ಈಗಲೂ ಹೆದರಿಸುವುದು. ಮಗುವನ್ನು ಬಟ್ಟೆಸಮೇತ ಎತ್ತಿಕೊಂಡೆ. ಕತ್ತು ಒಂದು ಕಡೆಗೆ ಬಿತ್ತು. ಅಷ್ಟು ಚಿಕ್ಕ ಮಗುವಿನ ಕತ್ತು ನಿಲ್ಲುವುದಿಲ್ಲವೆಂದು ಗೊತ್ತಿರಲಿಲ್ಲ ನನಗೆ, ಸತ್ತಿದೆ ಎಂದೇ ತಿಳಿದೆ. ಅಡುಗೆಮನೆ ದಾಟಿ ಹಿತ್ತಲಿಗೆ ಓಡಿದೆ. ಹೊಳೆಯ ಕಡೆಯಿಂದ ಪುಷ್ಯದ ಗಾಳಿ ಬೀಸುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಹಾಸಿ ಮಗುವನ್ನು ಮಲಗಿಸಿ, ತಿರುಗಿ ಓಡಿ, ಅಕ್ಕನನ್ನು ಕಂಬಳಿಯ ಸಮೇತ ಮಂಚದಿಂದ ಇಳಿಸಿ, ಕಂಬಳಿಯ ತುದಿ ಹಿಡಿದು ನೆಲದ ಮೇಲೆ ಎಳೆದುಕೊಂಡೇ ಬಂದೆ. ಹೊಸ್ತಿಲುಗಳಲ್ಲಿ ಅವಳ ತಲೆ ತಾಗಿತು. ಅವಳಿಗೆ ಎಚ್ಚರವಾಗಲಿಲ್ಲ.

ನಾನು ಬರುವಷ್ಟರಲ್ಲಿ ಅವ್ವ ಕಲ್ಲಿನ ಮೇಲಿದ್ದ ಮಗುವನ್ನು ಎತ್ತಿ, ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಮನೆಯೊಳಕ್ಕೆ ಹೊರಟಿದ್ದಳು. ನಾನು ಕಿತ್ತುಕೊಂಡೆ. ಕಿತ್ತುಕೊಂಡೆ ಎನ್ನುವುದಕ್ಕೆ ಬೇರೆ ಮಾತಿಲ್ಲ.

"ಅವ್ವ, ಒಳಗೆ ಬ್ಯಾಡ. ಒಳಗಿರೋ ಗಾಳಿ ವಿಷ ಆಗೈತೆ."

"ಕೊಡ್ಲಾ ಇಲ್ಲಿ. ಶೀತ ಆಯ್ತದೆ. ಮೊದಲ್ನೇದು ಇಂಗೇ ಓಯ್ತು. ಕೊಡ್ಲಾ."

"ಕೊಡಲ್ಲ."

"ಕೊಂದಾಕ್ತೀಯಲ್ಲೋ ಮಗೀನ."

ಅವಳು ನನ್ನ ಬೆನ್ನಿಗೆ, ತೋಳಿಗೆ ಗುದ್ದತೊಡಗಿದಳು. ನಾನು ಗಾಳಿಗೆ ಮುಖ ಮಾಡಿ ನಿಂತು ಮಗುವಿನ ಬಟ್ಟೆ ಬಿಚ್ಚಿದೆ. ಅದರ ಎದೆ ಆಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಕೆನ್ನೆ ಕೆಂಪಗೇ ಇತ್ತು. ಈ ಅನಿಲ ಹಿಡಿದ ರಕ್ತವೂ ಇನ್ನಷ್ಟು ಕೆಂಪಾಗುತ್ತದೆ; ಆ ಕೆಂಪು ಬಿಸಿನೀರಿನದೋ ಅನಿಲದ್ದೋ ಇಂದಿಗೂ ಗೊತ್ತಿಲ್ಲ. ನಾನು ಹಿಡಿದಿರುವುದು ತಪ್ಪಾಗಿದ್ದರೆ? ಇದು ಬರೀ ನಿದ್ದೆಯಾಗಿದ್ದು, ನಾನು ಏಳು ದಿನದ ಕೂಸನ್ನು ಬರಿಮೈಯಲ್ಲಿ ಚಳಿಗಾಳಿಗೆ ಹಿಡಿದಿದ್ದರೆ? ಪುಸ್ತಕದಲ್ಲಿ ಓದಿದ್ದ ಒಂದು ಸಾಲಿನ ಮೇಲೆ ನಂಬಿಕೆಯಿಟ್ಟು, ನನ್ನನ್ನು ಹೆತ್ತವಳ ಕೈ ತಡೆದು ನಿಂತಿದ್ದೆ. ಆ ಸಾಲನ್ನು ಬರೆದುಕೊಂಡ ದಿನ ನಾನು ಅರ್ಧ ನಿದ್ದೆಯಲ್ಲಿದ್ದೆನಲ್ಲ, ಸರಿಯಾಗಿ ಬರೆದುಕೊಂಡೆನೋ ಇಲ್ಲವೋ ಎಂದೂ ಅನಿಸಿತು.

ಅಂಗಾಲಿಗೆ ಚಿವುಟಿದೆ. ಮತ್ತೆ ಚಿವುಟಿದೆ. ಎಷ್ಟು ಸಲವೋ. ಕೊನೆಗೆ ಅದರ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಸದ್ದಿಲ್ಲ. ಆಮೇಲೆ ಬೆಕ್ಕಿನಮರಿಯ ಹಾಗೆ ಒಂದು ಸಣ್ಣ ಅಳು. ಅವ್ವ ಗುದ್ದುತ್ತಿದ್ದ ಕೈಯನ್ನು ನನ್ನ ಬೆನ್ನ ಮೇಲೇ ಇಟ್ಟು ನಿಂತಳು.

ಅಕ್ಕ ಕಣ್ಣು ಬಿಡಲು ಇನ್ನೂ ಹೊತ್ತು ಹಿಡಿಯಿತು. ಕಲ್ಲಿನ ಬುಡದಲ್ಲಿ ವಾಂತಿ ಮಾಡಿಕೊಂಡಳು. ಮಗುವನ್ನು ತೋರಿಸಿದರೆ ಯಾರದೋ ಎಂಬಂತೆ ನೋಡಿದಳು. ಸಂಜೆಯ ಹೊತ್ತಿಗೆ ಗುರುತು ಹಿಡಿದಳು.

ಮಧ್ಯಾಹ್ನ ಡಾಕ್ಟರು ಬಂದರು. ನಾನು ಹೇಳಿದ್ದನ್ನು ಕೇಳಿ ಕೋಣೆಗೆ ಹೋಗಿ ಕಿಟಕಿ ನೋಡಿ, ಅಗ್ಗಿಷ್ಟಿಕೆ ನೋಡಿ, ಹೊರಗೆ ಬಂದು ಬಹಳ ಹೊತ್ತು ಕೈ ತೊಳೆದರು. ಮಗುವಿನ ತಾಯಿಗೆ ಭಯವಿಲ್ಲ ಎಂದರು. ಮಗುವಿನ ವಿಷಯ ಈಗಲೇ ಹೇಳಲಾಗುವುದಿಲ್ಲ, ರಕ್ತಕ್ಕೆ ಗಾಳಿ ಸಾಲದಾಗ ಮೆದುಳಿಗೆ ಏನಾಗಿದೆಯೋ ಬೆಳೆಯುತ್ತಾ ನೋಡಬೇಕು, ಸದ್ದಿಗೆ ತಿರುಗುತ್ತದೆಯೇ, ನಗುತ್ತದೆಯೇ, ಕತ್ತು ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆಯೇ, ಅದನ್ನು ನೋಡುತ್ತಿರಿ ಎಂದರು. ಬೇರೆ ಔಷಧವಿರಲಿಲ್ಲ.

ಹಾಗೆ ನಮ್ಮ ಮನೆಯಲ್ಲಿ ಕಾಯುವ ತಿಂಗಳುಗಳು ಶುರುವಾದವು. ರಜ ಮುಗಿದು ನಾನು ಮೈಸೂರಿಗೆ ಹೋದೆ. ಅಪ್ಪ ವಾರಕ್ಕೊಂದು ಕಾರ್ಡು ಬರೆಯುತ್ತಿದ್ದ. ಕೊಬ್ಬರಿಯ ಸಮಾಚಾರ ಮೂರು ಸಾಲು, ಮಗುವಿನದು ಒಂದು ಸಾಲು. ತಟ್ಟೆ ಬಡಿದರೆ ಬೆಚ್ಚುತ್ತದೆ. ದೀಪ ನೋಡುತ್ತದೆ. ಇನ್ನೂ ನಕ್ಕಿಲ್ಲ. ಇನ್ನೂ ನಕ್ಕಿಲ್ಲ ಎಂಬ ಸಾಲು ಮೂರು ಕಾರ್ಡಿನಲ್ಲಿ ಬಂತು. ಹಾಸ್ಟೆಲಿನ ಹುಡುಗರನ್ನು ಮಕ್ಕಳು ಎಷ್ಟು ದಿನಕ್ಕೆ ನಗುತ್ತವೆ ಎಂದು ಕೇಳುತ್ತಿದ್ದೆ. ಅವರಿಗೇನು ಗೊತ್ತು. ಅದರ ಮುಂದಿನ ಕಾರ್ಡು ಅಪ್ಪನ ಅಕ್ಷರದಲ್ಲೇ ಇತ್ತು, ಆದರೆ ಅವ್ವ ಪಕ್ಕದಲ್ಲಿ ಕೂತು ಹೇಳಿಸಿದ್ದಿರಬೇಕು: ನಿನ್ನೆ ನಕ್ಕ, ನಾವೆಲ್ಲ ನೋಡಿದ್ದೇವೆ, ನಿಮ್ಮ ದೊಡ್ಡವ್ವನೂ ನೋಡಿದ್ದಾಳೆ. ಹೊರಳುವುದು ತಡವಾಯಿತು. ಹಾಸನದ ದೊಡ್ಡಾಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋದರು. ನಡೆಯುವುದೂ ತಡವಾಯಿತು. ತಡವಾಗಿಯಾದರೂ ಎಲ್ಲವೂ ಬಂದವು.

ದೊಡ್ಡವ್ವ ಅನಿಲದ ಮಾತನ್ನು ಕೊನೆಯವರೆಗೂ ಒಪ್ಪಲಿಲ್ಲ. ದೃಷ್ಟಿ ಒಳಗೆ ಸಿಕ್ಕಿಹಾಕಿಕೊಂಡಿತ್ತು, ಬಯಲಿಗೆ ತಂದ ಕೂಡಲೇ ಬಿಟ್ಟುಹೋಯಿತು ಎಂಬುದು ಅವಳ ಲೆಕ್ಕ. ಆದರೆ ಅಂದಿನಿಂದ ಅವಳು ಯಾರ ಮನೆಗೆ ಬಾಣಂತನಕ್ಕೆ ಹೋದರೂ ಮೊದಲು ಕಿಟಕಿ ತೆಗೆಸುತ್ತಿದ್ದಳಂತೆ, ದೃಷ್ಟಿ ಹೋಗಲು ದಾರಿ ಬೇಕಲ್ಲ ಎಂದು. ಇದ್ದಿಲು ಹಾಕಿದರೆ ಬೈಯುತ್ತಿದ್ದಳಂತೆ. ಈ ಕಥೆ ಕೇಳಿದ ಸ್ನೇಹಿತರೊಬ್ಬರು, ನೀವೇ ಹೇಳುತ್ತೀರಲ್ಲ, ಅವಳದೊಂದು ಚಿತ್ರ, ನಿಮ್ಮದೊಂದು ಚಿತ್ರ, ನಿಜ ಎರಡರ ನಡುವೆ ಎಲ್ಲೋ ಇದೆ ಎಂದು ನಕ್ಕರು. ನಾನು ನಗಲಿಲ್ಲ. ರೆಸೊನೆನ್ಸಿನಲ್ಲಿ ಯಾವ ಚಿತ್ರವನ್ನು ಬೇಕಾದರೂ ಸೇರಿಸಲು ಬರುವುದಿಲ್ಲ. ಪರಮಾಣುಗಳು ಇದ್ದಲ್ಲೇ ಇರಬೇಕು, ಎಲೆಕ್ಟ್ರಾನುಗಳ ಎಣಿಕೆ ಒಂದೇ ಇರಬೇಕು. ಅಗ್ಗಿಷ್ಟಿಕೆಯನ್ನು ಲೆಕ್ಕಕ್ಕೆ ಹಿಡಿಯದ ಚಿತ್ರವನ್ನು ನಾನು ಸೇರಿಸಲಾರೆ. ಅವಳ ಕಿಟಕಿಗೆ ಮಾತ್ರ ಕೈ ಮುಗಿಯುತ್ತೇನೆ.

ನಾನು ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರಾದೆ. ಯುದ್ಧ ಮುಗಿದು, ಬಸ್ಸುಗಳ ಬೆನ್ನಿನಿಂದ ಪೀಪಾಯಿಗಳು ಇಳಿದು, ಸ್ವಾತಂತ್ರ್ಯವೂ ಬಂದ ಮೇಲಿನ ಮಾತು. ಒಂದು ಭಾನುವಾರ ಅರಕಲಗೂಡಿಗೆ ಹೋಗಿದ್ದೆ. ಮಗು ಆಗ ಐದು ವರ್ಷದವನು. ಜಗಲಿಯ ಮೇಲೆ ಸ್ಲೇಟು ಹಿಡಿದು ಅ ಆ ತಿದ್ದುತ್ತಿದ್ದ. ‘ಆ’ ಎಂಬ ಅಕ್ಷರಕ್ಕೆ ಬಾಲವನ್ನು ಎಡಕ್ಕೆ ಹಾಕುತ್ತಿದ್ದ. ನಾನು ತಿದ್ದಿದರೆ ಮತ್ತೆ ಎಡಕ್ಕೇ. ನಾನು ಮೂರು ಸಲ ನೋಡಿದೆ. ನನ್ನ ಮುಖ ಕಂಡು ಅಕ್ಕ ನಕ್ಕಳು.

"ಎಲ್ಲಾ ಮಕ್ಳೂ ಅಂಗೇ ಮಾಡ್ತವೆ ಕಣೋ. ಮೇಷ್ಟ್ರಾಗಿ ಗೊತ್ತಿಲ್ವ ನಿಂಗೆ? ನೀನು ಇವನನ್ನ ಆ ಥರ ನೋಡೋದು ಬುಡು ಇನ್ನ."

"ಅಭ್ಯಾಸ ಆಗೋಗದೆ."

ಅವಳು ಮಗನ ಪಕ್ಕಕ್ಕೆ ಬಂದು ಕೂತಳು. ಆಮೇಲೆ, ಬಹಳ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳುವವರ ಹಾಗಲ್ಲದೆ, ಸುಮ್ಮನೆ ನೆನಪಾದದ್ದನ್ನು ಹೇಳುವ ಹಾಗೆ ಅಂದಳು:

"ಆವತ್ತು ನಾನು ನಿನ್ನ ಕರೆದಿದ್ದೆ, ಗೊತ್ತಾ?"

"ಯಾವತ್ತು?"

"ಆವತ್ತೇ. ಕಾಲು ಕೈ ಬರ್ತಿರ್ಲಿಲ್ಲ, ಏಳಾಕ್ ಆಗ್ಲಿಲ್ಲ. ಅವ್ವ ದೊಡ್ಡವ್ವ ಏನೋ ಮಾತಾಡ್ಕಂಡ್ ನಗ್ತಿದ್ರು. ನೀನು ಗೋಡೆಗೇ ಒರಗಿದ್ಯಲ್ಲ, ಅದಕ್ಕೆ ನಿನ್ನೇ ಕರೆದೆ. ನೀನು ‘ಬಂದೆ ಕಣಕ್ಕ’ ಅಂದೆ."

ನನಗೆ ಅದು ನೆನಪಿಲ್ಲ. ಆ ಬೆಳಗಿನ ಒಂದೊಂದು ಕಾಳೂ ಎಲ್ಲಿತ್ತೆಂದು ಹೇಳಬಲ್ಲೆ, ಅವಳ ಕರೆ ನೆನಪಿಲ್ಲ, ನನ್ನ ಉತ್ತರ ನೆನಪಿಲ್ಲ. ಓದುವಾಗ ಯಾರು ಕರೆದರೂ ಕೇಳಿಸಿಕೊಳ್ಳದೆಯೇ ‘ಬಂದೆ’ ಎನ್ನುವುದು ನನಗೆ ಅಭ್ಯಾಸವಿತ್ತು. ಅವ್ವ ಅದಕ್ಕೆ ಎಷ್ಟೋ ಸಲ ಬೈದಿದ್ದಳು.

"ಎಷ್ಟು ಹೊತ್ತಿಗೆ ಅಕ್ಕ? ದೊಡ್ಡವ್ವ ಒಳಗೆ ಬರೋಕ್ಕೆ ಮುಂಚೆಯಾ?"

"ಅದೇನ್ ಗೊತ್ತು ನಂಗೆ. ನೀನು ‘ಬಂದೆ’ ಅಂದೆ, ಸರಿ ಬತ್ತಾನೆ ಅಂತ ಮಗೀನ ಮೇಲೆ ಕೈ ಹಾಕ್ಕಂಡು ಕಣ್ಮುಚ್ಕಂಡೆ." ಅವಳು ಮಗನ ಸ್ಲೇಟನ್ನು ತೆಗೆದುಕೊಂಡು, ಉಗುಳು ಹಚ್ಚಿ ಒರೆಸಿ, ಕೊಟ್ಟಳು. "ಬಂದ್ಯಲ್ಲ ಆಮೇಲೆ."

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಲೆಕ್ಕದಲ್ಲಿ ಅವಳು ಕರೆದಳು, ನಾನು ಬಂದೆ. ಆ ಎರಡರ ನಡುವೆ ಇದ್ದ ಹೊತ್ತು ಅವಳಿಗೆ ಇಲ್ಲವೇ ಇಲ್ಲ, ಅವಳು ನಿದ್ದೆಯಲ್ಲಿದ್ದಳು. ಅದು ಪೂರ್ತಿ ನನ್ನ ಪಾಲಿಗೆ ಬಂದಿದೆ. ಹತ್ತು ನಿಮಿಷವೋ, ನಲವತ್ತೋ.

ಅವಳು ಕಾಫಿ ಮಾಡಲು ಒಳಗೆ ಹೋದಳು. ಹುಡುಗ ‘ಆ’ ಬರೆದು ನನಗೆ ತೋರಿಸಿದ. ಬಾಲ ಈ ಸಲವೂ ಎಡಕ್ಕಿತ್ತು. ಸರಿಯಾಗಿದೆ ಎಂದೆ.